ಮಾವನ ಕಾರು, ಅಳಿಯನ ಕುಂಚ

ಕಾರಿಗೆ ಬಣ್ಣ ಹೊಡೆಯುವುದು ಅಂದರೆ ಅದೇನು ಮಹಾ ವಿದ್ಯೆ! ಇಪ್ಪತ್ತೆರಡು ವರ್ಷಗಳಿಂದ ಸಿಂಧನೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿರುವ ನಿಂಗರಾಜ ಮಾಸ್ತರ ಎಂಬ ನಾನು, ಬಣ್ಣ ಹಚ್ಚದೆ ಬಿಟ್ಟ ವಸ್ತು ಈ ತಾಲ್ಲೂಕಿನಲ್ಲಿ ಯಾವುದಾದರೂ ಉಳಿದಿದೆಯೇ? ಶಾಲೆಯ ಗೋಡೆಗೆ ಭಾರತದ ನಕಾಶೆ ಬರೆದೆ. ಶ್ರೀಲಂಕಾ ಕಿಟಕಿಗೆ ಅಡ್ಡ ಬಂತು, ಅದನ್ನು ಎತ್ತಿ ಮುಂಬೈ ಕಡೆ ಇಟ್ಟೆ. ಅಂಗನವಾಡಿಗೆ ಆನೆ ಬರೆದೆ. ಮಕ್ಕಳು ಎಮ್ಮೆ ಅಂದವು. ಅದು ಮಕ್ಕಳ ಕಲ್ಪನಾಶಕ್ತಿ, ನನ್ನ ತಪ್ಪಲ್ಲ! ಇಂಥ ನನಗೆ ಒಂದು ಹಳೆಯ ಅಂಬಾಸಿಡರ್ ಕಾರು ಯಾವ ಲೆಕ್ಕ?

ಕಾರು ನನ್ನ ಮಾವ ಬಸ್ಸಪ್ಪನವರದು. ಲಿಂಗಸುಗೂರಿನಲ್ಲಿ ಮೂವತ್ತು ವರ್ಷ ಬಾಡಿಗೆಗೆ ಓಡಿಸಿದ್ದರು. ಮುದಗಲ್ಲಿನಿಂದ ಎಷ್ಟೋ ಮದುಮಕ್ಕಳು ಅದರಲ್ಲಿ ಬಂದಿಳಿದಿದ್ದರು. ಎಷ್ಟೋ ಬಸುರಿಯರು ಅದರಲ್ಲಿ ಆಸ್ಪತ್ರೆಗೆ ಹೋಗಿದ್ದರು, ಇಬ್ಬರಂತೂ ಆಸ್ಪತ್ರೆ ಬರುವ ತನಕ ಕಾಯದೆ ಹಿಂದಿನ ಸೀಟಿನಲ್ಲೇ ಹೆತ್ತಿದ್ದರು. ಇದೆಲ್ಲಕ್ಕಿಂತ ದೊಡ್ಡ ಮಾತೆಂದರೆ, ಪ್ರತಿವರ್ಷ ಏಪ್ರಿಲ್ ಹದಿನಾಲ್ಕರಂದು ಬಾಬಾಸಾಹೇಬರ ಜಯಂತಿಯ ಮೆರವಣಿಗೆಯಲ್ಲಿ ದೊಡ್ಡ ಫೋಟೋ ಹೊತ್ತು ಎಲ್ಲರಿಗಿಂತ ಮುಂದೆ ಹೋಗುತ್ತಿದ್ದದ್ದು ಈ ಕಾರು. ಮಾವ ತೀರಿಕೊಂಡು ಎರಡು ವರ್ಷವಾಯಿತು. ಎರಡು ವರ್ಷವೂ ಫೋಟೋ ಯಾರದೋ ಟ್ರ್ಯಾಕ್ಟರ್ ಏರಿತು. ನನ್ನ ಹೆಂಡತಿ ಸುರೇಖಾ ಎರಡು ಸಲವೂ ಆ ಟ್ರ್ಯಾಕ್ಟರ್ ಕಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು.

ಇದನ್ನು ಕಂಡ ಮೇಲೆ ಒಬ್ಬ ಗಂಡ, ಅದರಲ್ಲೂ ಕಲಾವಿದನಾದ ಗಂಡ, ಸುಮ್ಮನಿರುತ್ತಾನೆಯೇ? ಮಾರ್ಚ್ ತಿಂಗಳ ಒಂದು ಬೆಳಗ್ಗೆ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು ಘೋಷಿಸಿಯೇ ಬಿಟ್ಟೆ. "ಈ ಸಲ ಜಯಂತಿಗೆ ಮಾವನ ಕಾರು ಲಿಂಗಸುಗೂರಿನ ರಸ್ತೆಗೆ ಇಳೀತೈತಿ! ಹೊಸ ಮದುಮಗನಂಗ! ನನ್ನ ಈ ಎರಡು ಕೈಯಿಂದ!"

ಸುರೇಖಾ ಸಾರಿಗೆ ಬಸ್ಸಿನ ಕಂಡಕ್ಟರ್. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್ ಅವಳ ರೂಟು. ದಿನಕ್ಕೆ ನಾನೂರು ಜನರ ಮುಖ ನೋಡಿ, ಯಾರು ಟಿಕೆಟ್ ತಗೊಂಡಿಲ್ಲ ಎಂದು ಹೇಳಬಲ್ಲವಳು. ನನ್ನ ಮುಖವನ್ನೂ ಹಾಗೆಯೇ ನೋಡಿದಳು.

"ಪೇಂಟರ್ ಕೈಯಾಗ ಕೊಡ್ರಿ."

"ಮನ್ಯಾಗ ಒಬ್ಬ ಕಲಾವಿದ ಇದ್ದಾಗ ಪೇಂಟರ್ ಯಾಕ?"

"ಕಲಾವಿದ ಅದಾನಂತ ಗೊತ್ತಿದ್ದಕ್ಕ ಪೇಂಟರ್‌ಗೆ ಕೊಡ್ರಿ ಅಂದೆ."

ನಾನು ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಅವಳೇ ಸೋತಳು. ಆದರೆ ಟಿಕೆಟ್ ಮಷೀನನ್ನು ಹೆಗಲಿಗೆ ಹಾಕಿಕೊಳ್ಳುತ್ತಾ ಒಂದು ಷರತ್ತು ಹಾಕಿದಳು. "ಎಲ್ಲಾ ಕಡೆ ಏನ್ ಬೇಕಾದ್ರೂ ಮಾಡ್ಕೋರಿ. ಡಿಕ್ಕಿ ಮ್ಯಾಲೆ ಅಪ್ಪ ಬರೆಸಿದ್ದು ಐತಲ್ಲ, ಅದನ್ನ ಮಾತ್ರ ಮುಟ್ಟಬ್ಯಾಡ್ರಿ. ಅದು ಹಂಗ ಇರ್ಲಿ."

"ಅಷ್ಟೂ ಗೊತ್ತಿಲ್ಲೇನು ನನಗ?" ಅಂದೆ.

ಓದುಗರೇ, ನಿಮ್ಮ ಹತ್ತಿರ ಮುಚ್ಚಿಡುವುದೇನು! ಡಿಕ್ಕಿಯ ಮೇಲೆ ಏನು ಬರೆದಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಮಾವನ ಮನೆಗೆ ಹೋದಾಗಲೆಲ್ಲ ಕಾರಿನ ಬೆನ್ನು ಗೋಡೆಗೆ ಅಂಟಿಕೊಂಡು ನಿಂತಿರುತ್ತಿತ್ತು. ಹಳೆಯ ಡ್ರೈವರುಗಳ ಶಿಸ್ತು ಇರಬೇಕು ಎಂದುಕೊಂಡಿದ್ದೆ. ಜಯಂತಿಯ ದಿನ ನನಗೆ ಶಾಲೆಯಲ್ಲೇ ಕಾರ್ಯಕ್ರಮ, ಅದು ಮುಗಿಸಿ ಲಿಂಗಸುಗೂರು ಮುಟ್ಟುವಷ್ಟರಲ್ಲಿ ಮೆರವಣಿಗೆ ಮುಗಿದು ಊಟ ನಡೆದಿರುತ್ತಿತ್ತು. ಆ ಕಾರನ್ನು ನಾನು ಓಡಿಸಿದ್ದು ಜೀವಮಾನದಲ್ಲಿ ಒಂದೇ ಒಂದು ಸಲ, ಎಂಟು ವರ್ಷದ ಹಿಂದೆ. ಸಾಲಗುಂದದ ಹತ್ತಿರ ಅದರ ಮುಂದಿನ ಎರಡು ಚಕ್ರ ಕಾಲುವೆಯೊಳಗೆ ಇಳಿದವು. ಗದ್ದೆಯಲ್ಲಿ ಸಸಿ ನಾಟುತ್ತಿದ್ದ ಹೆಣ್ಣುಮಕ್ಕಳು ಸೀರೆ ಎತ್ತಿ ಕಟ್ಟಿಕೊಂಡು ಬಂದು ತಳ್ಳಿ ಮೇಲೆ ತಂದರು. ಮಾವ ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ನಾನು ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗಿದ್ದೆ.

ಕಾರು ಲಾರಿ ಏರಿ ನಮ್ಮ ಅಂಗಳಕ್ಕೆ ಬಂತು. ಇಂಜಿನ್ ಕೆಲಸವನ್ನು ಮೆಕ್ಯಾನಿಕ್ ನಾಸೀರ್ ಮುಗಿಸಿಕೊಟ್ಟ. "ಸರ್, ಇಂಜಿನ್ ಶೇರ್ ಐತಿ, ಸಿಂಹ. ಬಾಡಿ ಹಣೆಬರಹ ನಿಮ್ಮ ಕೈಯಾಗ," ಎಂದು ಹೇಳಿ, ತನ್ನ ಪಾನಾ, ಸ್ಪ್ಯಾನರ್ ಎಣಿಸಿಕೊಂಡು ಹೋದ. ನಾನು ಭಾನುವಾರ ಗ್ರೈಂಡರ್ ತಂದು, ಅದಕ್ಕೆ ತಂತಿಯ ಬ್ರಷ್ ಸಿಕ್ಕಿಸಿ, ಹಳೆಯ ಬಣ್ಣ ಕೆರೆಯಲು ನಿಂತೆ. ಸುರೇಖಾ ಡ್ಯೂಟಿಗೆ ಹೋಗಿದ್ದಳು.

ಗ್ರೈಂಡರ್ ಹಿಡಿದ ಗಂಡಸಿನ ಮನಸ್ಥಿತಿಯನ್ನು ಯಾವ ಕವಿಯೂ ಇನ್ನೂ ವರ್ಣಿಸಿಲ್ಲ! ಗುರ್ ಎಂದು ಸದ್ದು, ಕಿಡಿ, ತುಕ್ಕಿನ ಧೂಳು, ಅದರೊಳಗೆ ಹೊಳೆಯುತ್ತಾ ಹೊರಬರುವ ಬೆಳ್ಳಗಿನ ತಗಡು! ಬಾನೆಟ್ ಆಯಿತು. ಬಾಗಿಲು ಆಯಿತು. ಟಾಪು ಆಯಿತು. ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ಪಕ್ಕದ ಮನೆಯ ಮೆಹಬೂಬ್‌ಬೀ ಕಾಂಪೌಂಡಿನ ಮೇಲಿಂದ ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದಳು. ಸದ್ದಿಗೆ ಬೈಯುತ್ತಿದ್ದಾಳೆ ಎಂದು ತಿಳಿದು, ಬೇಗ ಮುಗಿಸಿಬಿಡೋಣ ಎಂದು ಇನ್ನೂ ಜೋರು ಒತ್ತಿದೆ. ಕರೆಂಟ್ ಹೋಯಿತು. ಆಗ ಅವಳ ದನಿ ಕೇಳಿಸಿತು.

"ಅರೆ ಮಾಸ್ತರ! ಏನೋ ಬರದಿತ್ತಲ್ರೀ ಅದರ ಮ್ಯಾಲೆ! ಹಳದಿ ಅಕ್ಷರ! ಒರಿಸಿಬಿಟ್ರಲ್ರೀ!"

ನೋಡಿದೆ. ನಾನು ನಿಂತಿದ್ದದ್ದು ಕಾರಿನ ಹಿಂದೆ. ನನ್ನ ಮುಂದಿದ್ದದ್ದು ಡಿಕ್ಕಿ. ಅದು ನಮ್ಮ ಹೆಡ್‌ಮಾಸ್ತರ ತಲೆಯಂತೆ ನುಣ್ಣಗೆ ಮಿಂಚುತ್ತಿತ್ತು.

"ಏನ್ ಬರದಿತ್ತು ಮೆಹಬೂಬ್‌ಬೀ?" ಗ್ರೈಂಡರ್ ಕೆಳಗಿಟ್ಟು ಕೇಳಿದೆ.

"ಚಷ್ಮಾ ಹಾಕ್ಕೊಂಡಿರಲಿಲ್ಲ ನಾ. ನೀವು ದಿನಾ ನೋಡ್ತಿದ್ರಿ, ನಿಮಗ ಗೊತ್ತಿರಬೇಕಲ್ಲ?"

ದಿನವೂ ನೋಡಿದ್ದೇನೋ ನಿಜ. ಆದರೆ ಎರಡು ವರ್ಷ ಷೆಡ್ಡಿನಲ್ಲಿ ನಿಂತು ಅದರ ಮೇಲೆ ಮಣ್ಣು, ಕೋಳಿಯ ಹಿಕ್ಕೆ ಎಲ್ಲ ಮೆತ್ತಿಕೊಂಡಿತ್ತು. ತೊಳೆದು ಓದಿದರಾಯಿತು ಎಂದುಕೊಂಡಿದ್ದೆ. ಹೆಂಡತಿ ಮುಟ್ಟಬೇಡಿ ಎಂದ ಒಂದೇ ಒಂದು ವಸ್ತುವನ್ನು ಓದದೆಯೇ ಅಳಿಸಿ ಹಾಕಿದ ಮಹಾನುಭಾವ ನಾನು! ತಕ್ಷಣ ಒಳಗೆ ಓಡಿ ಹಾಸಿಗೆಯ ಚಾದರ ತಂದು ಡಿಕ್ಕಿಗೆ ಹೊದಿಸಿ, ನಾಲ್ಕೂ ಕಡೆ ಹಗ್ಗ ಬಿಗಿದೆ. ಸಂಜೆ ಸುರೇಖಾ ಕೇಳಿದಳು, "ಇದಕ್ಯಾಕ ಚಾದರ?"

"ಮಾವ ಬರೆಸಿದ್ದರ ಮ್ಯಾಲೆ ಧೂಳು ಕುಂದ್ರಬಾರದಲ್ಲ!"

ಅವಳ ಕಣ್ಣು ತುಂಬಿ ಬಂತು. ಆ ರಾತ್ರಿ ನನಗೆ ಎರಡು ರೊಟ್ಟಿ ಹೆಚ್ಚು ಬಡಿಸಿದಳು. ಆ ಎರಡು ರೊಟ್ಟಿಯನ್ನು ಕದ್ದು ಹಿತ್ತಲಿಗೆ ಒಯ್ದು ನಾಯಿಗೆ ಹಾಕಿದೆ.

ಮುಂದಿನ ಭಾನುವಾರ ಬಣ್ಣ. ಸ್ಪ್ರೇ ಗನ್ ಹಿಡಿದು, ಮೂಗಿಗೆ ಟವೆಲ್ ಕಟ್ಟಿ, ಆಕಾಶ ನೀಲಿ ಹೊಡೆದೆ. ಎಂಥ ಹೊಳಪು! ಮುಖ ನೋಡಿಕೊಂಡು ಮೀಸೆ ತಿರುವಿದೆ. ಅಷ್ಟರಲ್ಲಿ ಹಿಂದಿನ ಗದ್ದೆಗೆ ಭತ್ತ ಕೊಯ್ಯುವ ಮಷೀನು ಇಳಿಯಿತು. ಏಪ್ರಿಲ್‌ನಲ್ಲಿ ಎರಡನೇ ಬೆಳೆ ಕೊಯ್ಯುತ್ತಾರೆ ಎನ್ನುವುದು ಈ ಸೀಮೆಯ ಹಸುಗೂಸಿಗೂ ಗೊತ್ತು. ಚಿತ್ರಕಲಾ ಶಿಕ್ಷಕನೊಬ್ಬನಿಗೆ ಮಾತ್ರ ನೆನಪಾಗಲಿಲ್ಲ! ಗಾಳಿ ಬೀಸಿತು. ಹತ್ತು ನಿಮಿಷದಲ್ಲಿ ಇಡೀ ಕಾರಿಗೆ ಹೊಟ್ಟು ಮೆತ್ತಿಕೊಂಡು, ಮೈತುಂಬ ಕೂದಲಿದ್ದ ಮೃಗವೊಂದು ನಮ್ಮ ಅಂಗಳದಲ್ಲಿ ಕೂತಂತೆ ಕಂಡಿತು. ಹೊಟ್ಟಿನಲ್ಲಿ ಕಾಳೂ ಇದ್ದವು. ಕಾಳು ಕಂಡ ಮೆಹಬೂಬ್‌ಬೀಯ ಕೋಳಿಗಳು ಕಾಂಪೌಂಡು ಹಾರಿ ಬಂದು ಬಾನೆಟ್ ಏರಿದವು. ಓಡಿಸಲು ಹೋದೆ. ಅವು ಟಾಪು ಏರಿದವು.

ಮೆಹಬೂಬ್‌ಬೀ ಜಗಳಕ್ಕೇ ಬಂದಳು. "ನಮ್ಮ ಕೋಳಿ ಕಾಲೆಲ್ಲಾ ನೀಲಿ ಆಗ್ಯಾವ ಮಾಸ್ತರ! ನಾಳೆ ಯಾರರ ಇವನ್ನ ಕೊಳ್ತಾರೇನು?"

ಎಲ್ಲವನ್ನೂ ತಿಕ್ಕಿ ತೆಗೆದು ಮತ್ತೆ ಹೊಡೆಯುವಷ್ಟರಲ್ಲಿ ಡಬ್ಬಿ ಖಾಲಿಯಾಯಿತು. ಅಂಗಡಿಯಲ್ಲಿ ಆ ನೀಲಿ ಮುಗಿದಿತ್ತು. ಆದರೇನು, ಬಣ್ಣ ಬೆರೆಸುವುದು ನನ್ನ ಕಸುಬಲ್ಲವೇ? ಬೆರೆಸಿದೆ. ಒಣಗಿದ ಮೇಲೆ ಎಡಗಡೆ ಆಕಾಶ ನೀಲಿ, ಬಲಗಡೆ ಬಿಳಿ ಬಟ್ಟೆಗೆ ಹಾಕುವ ನೀಲಿ. ಸುರೇಖಾ ಕಾರನ್ನು ಒಂದು ಸುತ್ತು ಹಾಕಿ ಬಂದಳು.

"ಹೋಗುವಾಗ ಒಂದು ಕಾರು, ಬರುವಾಗ ಒಂದು ಕಾರು ಕಂಡಂಗ ಆಗ್ತೈತಿ."

"ಅದಕ್ಕ ಛಾಯೆ ಅಂತಾರ. ಚಿತ್ರಕಲೆಯೊಳಗ..."

"ಹೋಗ್ಲಿ ಬಿಡ್ರಿ," ಅಂದಳು ಮೆಲ್ಲಗೆ. "ಅಪ್ಪ ಬರೆಸಿದ್ದೊಂದು ಉಳಿಸೀರಲ್ಲ, ನನಗ ಅಷ್ಟು ಸಾಕು."

ಚಪ್ಪಲಿಯಿಂದ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಜಯಂತಿಗೆ ಉಳಿದದ್ದು ಐದು ದಿನ. ಹೇಗಾದರೂ ಮಾಡಿ ಆ ಸಾಲು ಏನೆಂದು ತಿಳಿದು, ಅದನ್ನು ಹಾಗೆಯೇ ಬರೆದು, ಚಾದರ ತೆಗೆಯಬೇಕು. ಶಾಲೆಗೆ ರಜೆ ಹಾಕಿ ಲಿಂಗಸುಗೂರಿಗೆ ಹೊರಟೆ. ಬಸ್ಸಿನಲ್ಲಿ ಹೋಗುವಂತಿಲ್ಲ, ಆ ರೂಟಿನ ಕಂಡಕ್ಟರುಗಳೆಲ್ಲ ಸುರೇಖಾಳ ಗೆಳತಿಯರು, ಗೆಳೆಯರು. ನಾನು ಮಸ್ಕಿ ದಾಟುವಷ್ಟರಲ್ಲಿ ಅವಳಿಗೆ ಸುದ್ದಿ ಮುಟ್ಟಿರುತ್ತಿತ್ತು. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಬೈಕ್ ಏರಿದೆ. ಬಸ್ಸು ಎದುರು ಬಂದಾಗಲೆಲ್ಲ ಮುಖಕ್ಕೆ ಟವೆಲ್ ಮುಚ್ಚಿಕೊಂಡೆ. ಒಂದು ಸಲ ಅದೇ ಕಾರಣಕ್ಕೆ ಹಾದಿ ಬಿಟ್ಟು ಜಾಲಿ ಪೊದೆಗೆ ಹೊಕ್ಕೆ.

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯವನು ಮಾವನ ಮೂವತ್ತು ವರ್ಷದ ದೋಸ್ತ. ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, ತಟ್ಟನೆ ಒಲೆಯ ಕಡೆ ತಿರುಗಿ, "ತಾಯಿ ಆಶೀರ್ವಾದ ಅಂತ ಇತ್ತು ಕಾಣ್ತೈತ್ರಿ," ಅಂದ. ಅವನ ಹೆಗಲು ಯಾಕೋ ಅಲುಗುತ್ತಿತ್ತು. ಹಾಲು ಉಕ್ಕಿ ಒಲೆಗೆ ಸುರಿದರೂ ಅವನು ನನ್ನ ಕಡೆ ತಿರುಗಲಿಲ್ಲ.

ಸುರೇಖಾಳ ತಮ್ಮ ಭೀಮೇಶನ ಕಚೇರಿಗೆ ಹೋದೆ. ಅಕ್ಕನಿಗೆ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡು ಕೇಳಿದೆ.

"ಡಿಕ್ಕಿ ಮ್ಯಾಲೇನು ಮಾಮಾ? ಅದು... ಓದಿದವರು ಮುಂದ ಹೋಗ್ರಿ ಅಂತ ಇತ್ತು," ಎಂದು ಹೇಳಿ, ರಿಂಗಾಗದೇ ಇದ್ದ ಫೋನನ್ನು ಕಿವಿಗೆ ಹಿಡಿದು ಹೊರಗೆ ಓಡಿದ. ಕಿಟಕಿಯಿಂದ ನೋಡಿದರೆ ಬೇವಿನ ಗಿಡ ಹಿಡಿದುಕೊಂಡು ಕೆಮ್ಮುತ್ತಿದ್ದಾನೆ. ಪಾಪ, ಧೂಳಿನ ಅಲರ್ಜಿ ಎಂದುಕೊಂಡೆ.

ಒಬ್ಬರು ತಾಯಿ, ಒಬ್ಬರು ಓದು! ಮೂವತ್ತು ವರ್ಷ ಆ ಕಾರಿನ ಹಿಂದೆ ನಡೆದ ಊರು ಇದು, ಒಬ್ಬರಿಗೂ ನೆಟ್ಟಗೆ ನೆನಪಿಲ್ಲವಲ್ಲ ಎಂದು ಸಮಾಜದ ಬಗ್ಗೆ ಬೇಸರವಾಯಿತು. ಕೊನೆಗೆ ಚಹಾದಂಗಡಿಯವನೇ ಬೈಕ್ ಹತ್ತಿರ ಬಂದು ಹೇಳಿದ, "ಮಸ್ಕಿ ಹುಸೇನಬಾಷಾನ್ನ ಕೇಳ್ರಿ. ಬರದಿದ್ದು ಅವನ. ಅವಾ ಸುಳ್ಳು ಹೇಳಂಗಿಲ್ಲ."

ಹುಸೇನಬಾಷಾ ಮಸ್ಕಿಯ ಹಳೆಯ ಬೋರ್ಡ್ ಪೇಂಟರ್. ಲಾರಿ, ಟ್ರ್ಯಾಕ್ಟರ್, ಹೋಟೆಲ್ ಬೋರ್ಡು ಎಲ್ಲ ಅವನ ಕೈಯಲ್ಲೇ ಆಗಬೇಕಿದ್ದ ಕಾಲವೊಂದಿತ್ತು. ಈಗ ಫ್ಲೆಕ್ಸ್ ಬಂದು ಅವನ ಕುಂಚಗಳು ಡಬ್ಬಿಯಲ್ಲಿ ನಿಂತಲ್ಲೇ ಒಣಗಿವೆ. ನನ್ನ ಮಾತು ಕೇಳಿ ಅವನ ಮುಖ ಅರಳಿತು.

"ಬಸ್ಸಪ್ಪಣ್ಣಂದು? ಯಾಕ ನೆನಪಿಲ್ರೀ! ಹಳದಿ ಅಕ್ಷರ, ಕೆಂಪು ನೆರಳು. ಎಂಟು ವರ್ಷ ಆತು."

"ಏನ್ ಬರದಿದ್ರಿ ಚಾಚಾ?"

"ಅದು ಹೆಂಗ ಗೊತ್ತಾಗ್ಬೇಕ್ರೀ? ನನಗ ಕನ್ನಡ ಓದಾಕ ಬರಂಗಿಲ್ಲ."

ನಾನು ಕೂತಿದ್ದ ಸ್ಟೂಲ್ ಅಲುಗಿತು. "ನಲವತ್ತು ವರ್ಷ ಕನ್ನಡ ಬೋರ್ಡು ಬರದೀರಲ್ಲ!"

"ಬರದಿಲ್ರಿ ಸರ್, ತೆಗದೀನಿ. ನೀವು ಆನಿ ತೆಗೀತೀರಲ್ಲ, ಹಂಗ. ಗಿರಾಕಿ ಚೀಟಿಯೊಳಗ ಬರಕೊಡ್ತಾನ, ನೋಡಿ ನೋಡಿ ನಾ ತೆಗೀತೀನಿ. ಒಂದು ಅಕ್ಷರ ತಪ್ಪಿದ್ರ ಹೇಳ್ರಿ, ಈ ಕಸುಬ ಬಿಡ್ತೀನಿ!"

ನನ್ನ ಆನೆಯನ್ನು ಮಕ್ಕಳು ಏನೆಂದರು ಎಂದು ಅವನಿಗೆ ಹೇಳಲಿಲ್ಲ. ಅವನು ಮೂಲೆಯಿಂದ ಒಂದು ತಂತಿ ತಂದ. ಅದರಲ್ಲಿ ವರ್ಷಗಟ್ಟಲೆ ಚೀಟಿಗಳು ಚುಚ್ಚಿಕೊಂಡು ಕೂತಿದ್ದವು. ಒಂದೊಂದಾಗಿ ತೆಗೆಯುತ್ತಾ, ಅಕ್ಷರಗಳ ಆಕಾರ ನೋಡುತ್ತಾ, ಅಲ್ಲ ಎಂದು ಪಕ್ಕಕ್ಕೆ ಇಡುತ್ತಾ ಹೋದ. ಕೊನೆಗೆ ಒಂದನ್ನು ಬೆಳಕಿಗೆ ಹಿಡಿದು ನನ್ನ ಕೈಗೆ ಕೊಟ್ಟ. ಓದಿದೆ.

'ದೂರ ಇರ್ರಿ. ಅಳಿಯ ಓಡಸ್ತಿರಬಹುದು.'

ನಕ್ಕೆ ನೋಡಿ! ಹೊಟ್ಟೆ ಹಿಡಿದುಕೊಂಡು ನಕ್ಕೆ! ಕಣ್ಣಲ್ಲಿ ನೀರು ಬಂತು. "ಯಾರೋ ಪಾಪದ ಅಳಿಯ! ಎಂಥಾ ಮಾವ ಗಂಟು ಬಿದ್ದಾನ ಅವನಿಗೆ! ಇದಲ್ಲ ಚಾಚಾ, ಮುಂದಿಂದು ತೆಗೀರಿ."

"ಇದ ರೀ ಸರ್."

"ಅಲ್ಲ ಚಾಚಾ, ಇದು ಬ್ಯಾರೆ ಯಾರದೋ..."

"ಇದ ಬಸ್ಸಪ್ಪಣ್ಣಂದು. ನಾ ತೆಗಿಯೂ ತನಕ ಬಾಜೂಕ ಕುಂತು ನಗಾಕತ್ತಿದ್ರು. ಯಾಕ್ರೀ ಅಣ್ಣಾ ಅಂದ್ರ ಹೇಳಲಿಲ್ಲ."

ಮತ್ತೆ ಚೀಟಿ ನೋಡಿದೆ. ಮದುವೆಗೆ ಮೊದಲು ನಮ್ಮಪ್ಪನಿಗೆ ಮಾವ ಬರೆದಿದ್ದ ಕಾಗದದ ಅದೇ ಉರುಟು ಅಕ್ಷರ. ಮಾವನಿಗೆ ಇರುವುದು ಒಬ್ಬಳೇ ಮಗಳು. ಒಬ್ಬಳೇ ಮಗಳಿದ್ದರೆ ಅಳಿಯಂದಿರು ಎಷ್ಟು ಎನ್ನುವ ಲೆಕ್ಕ ಚಿತ್ರಕಲಾ ಶಿಕ್ಷಕನಿಗೂ ಬರುತ್ತದೆ. ಸಾಲಗುಂದದ ಕಾಲುವೆ, ಗೋಡೆಗೆ ಅಂಟಿ ನಿಂತ ಕಾರು, ಭೀಮೇಶನ ಕೆಮ್ಮು, ಉಕ್ಕಿದ ಹಾಲು ಎಲ್ಲ ಒಂದರ ಹಿಂದೊಂದು ಬಂದು ನನ್ನ ತಲೆಗೆ ಗುದ್ದಿದವು. ಎಂಟು ವರ್ಷ! ಎಂಟು ವರ್ಷದಿಂದ ಲಿಂಗಸುಗೂರು ತಾಲ್ಲೂಕು ನನ್ನನ್ನು ಓದುತ್ತಿತ್ತು!

ಹುಸೇನಬಾಷಾ ಹತ್ತಿರ ಸರಿದ. "ಏನ್ ಬರದಾರ್ರೀ ಸರ್? ಎಂಟು ವರ್ಷದಿಂದ ಕೇಳಬೇಕಂತಿದ್ದೆ."

"ತಾಯಿ ಆಶೀರ್ವಾದ ಅಂತ."

"ಅಷ್ಟಕ್ಕ ಯಾಕ ಅಷ್ಟು ನಕ್ಕರು?" ಎಂದು ಅವನು ಬಹಳ ಹೊತ್ತು ಯೋಚನೆ ಮಾಡಿದ.

ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟವನ ಮೈಯಲ್ಲಿ ಉರಿ ಎದ್ದಿತ್ತು. ಅಳಿಸಿದ್ದೇ ಒಳ್ಳೆಯದಾಯಿತು! ಗ್ರೈಂಡರಿಗೆ ಹೂವಿನ ಹಾರ ಹಾಕಬೇಕು! ತುಕ್ಕು ತಿಂದು ಹೋಗಿತ್ತು ಎಂದು ಸುರೇಖಾಳಿಗೆ ಹೇಳಿ, ಅಲ್ಲಿ ಎರಡು ಚಂದದ ನವಿಲು ಬರೆಯುತ್ತೇನೆ! ಹೀಗೆ ಸಿಂಧನೂರಿನ ತನಕ ಮೂವತ್ತು ಸಲ ಮಾತು ಜೋಡಿಸಿಕೊಂಡು ಬಂದೆ.

ಮನೆಗೆ ಬಂದರೆ ಚಾದರ ಕೆಳಗೆ ಬಿದ್ದಿತ್ತು. ಬಟ್ಟೆ ಒಣಹಾಕಲು ಹಗ್ಗ ಬೇಕೆಂದು ಸುರೇಖಾ ಅದರ ಗಂಟು ಬಿಚ್ಚಿದ್ದಳು. ಕಟ್ಟೆಯ ಮೇಲೆ ಯೂನಿಫಾರ್ಮಿನಲ್ಲೇ ಕೂತಿದ್ದಳು. ಟಿಕೆಟ್ ಮಷೀನು ಮಡಿಲಲ್ಲಿತ್ತು. ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ.

"ಕಡೀ ದಿನ ಆಸ್ಪತ್ರಿಯೊಳಗ ಮಾತು ನಿಂತಿತ್ತು ಅಪ್ಪಗ," ಅಂದಳು. "ನಾ ಸುಮ್ನ ಆ ಸಾಲು ಕಿವ್ಯಾಗ ಹೇಳಿದೆ. ನಕ್ಕ. ಆಮ್ಯಾಲೆ ನಗಲಿಲ್ಲ. ಅಪ್ಪಂದು ಅಂತ ನನ್ನ ಹತ್ರ ಉಳಿದಿದ್ದು ಆ ಒಂದು ನಗಿ."

ಹಾದಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ! ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಒಳಗೆ ಹೋಗಿ ಹಳದಿ ಬಣ್ಣ, ಕೆಂಪು ಬಣ್ಣ, ಇದ್ದದ್ದರಲ್ಲಿ ಒಳ್ಳೆಯ ಕುಂಚ ತಂದೆ. ಡಿಕ್ಕಿಗೆ ಉಳಿದ ನೀಲಿ ಬಳಿದು ಒಣಗಿಸಿ, ಜೇಬಿನಿಂದ ಚೀಟಿ ತೆಗೆದು ಅದರ ಮೇಲೆ ಅಂಟಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಎಚ್ಚರದಿಂದ ನಾನು ಏನನ್ನೂ ಬರೆದಿರಲಿಲ್ಲ. ಮಾವನ ಉರುಟು ಅಕ್ಷರವನ್ನೇ ತೆಗೆದೆ, ಹುಸೇನಬಾಷಾ ತೆಗೆದ ಹಾಗೆ, ಒಂದೊಂದು ಕೊಂಬು, ಒಂದೊಂದು ಸುಳಿ. 'ಅಳಿಯ' ಎನ್ನುವುದನ್ನು ಮಾತ್ರ ಕಡೆಗೆ ಉಳಿಸಿಕೊಂಡು ಬರೆದೆ.

ಸುರೇಖಾ ಬಂದು ಹಿಂದೆ ನಿಂತಿದ್ದಳು. ಓದಿದಳು. ನನ್ನ ಮುಖ ನೋಡಿದಳು. ಮತ್ತೆ ಓದಿದಳು. ಆಮೇಲೆ ಅಳುತ್ತಾ ನಕ್ಕಳೋ, ನಗುತ್ತಾ ಅತ್ತಳೋ, ಆ ಸದ್ದಿಗೆ ಕಾಂಪೌಂಡಿನ ಆಚೆಯಿಂದ ಮೆಹಬೂಬ್‌ಬೀ ಚಷ್ಮಾ ಹಾಕಿಕೊಂಡು ಓಡಿ ಬಂದಳು. ಅವಳೂ ಓದಿದಳು. ಅವಳು ಅಳಲಿಲ್ಲ, ಬರೀ ನಕ್ಕಳು.

ಏಪ್ರಿಲ್ ಹದಿನಾಲ್ಕು ಬಂತು. ಕಾರು ಹಿಂದಿನ ದಿನವೇ ಮತ್ತೆ ಲಾರಿ ಏರಿ ಲಿಂಗಸುಗೂರು ಮುಟ್ಟಿತ್ತು. ಈ ಸಲ ಶಾಲೆಯ ಕಾರ್ಯಕ್ರಮವನ್ನು ಬೇರೆಯವರಿಗೆ ಒಪ್ಪಿಸಿದ್ದೆ. ಬಾನೆಟ್ ಮೇಲೆ ಹೂವಿನ ನಡುವೆ ಬಾಬಾಸಾಹೇಬರ ಫೋಟೋ, ಸ್ಟೇರಿಂಗ್ ಹಿಂದೆ ಇಸ್ತ್ರಿ ಮಾಡಿದ ಅಂಗಿಯ ನಾನು, ಪಕ್ಕದಲ್ಲಿ ಸುರೇಖಾ. ಅತ್ತೆ ಅಯ್ಯಮ್ಮನವರಿಗೆ ಹಿಂದಿನ ಬಾಗಿಲು ತೆಗೆದು, "ಅತ್ತೀ, ಬರ್ರಿ, ಕುಂದರ್ರಿ," ಅಂದೆ. ಅವರು ಹಿಂದೆ ಹೋಗಿ, ಬೆರಳು ಇಟ್ಟು ಅಕ್ಷರ ಕೂಡಿಸಿ ಓದಿ, ಬಾಗಿಲನ್ನು ಮೆಲ್ಲಗೆ ಮುಚ್ಚಿದರು. "ನಾ ನಡಕೊಂತ ಬರ್ತೀನ್ರಿ ಅಳಿಯಂದ್ರ."

ಹೊರಟೆವು. ಹಲಗಿಯ ಸದ್ದು, ಜೈಭೀಮ್ ಘೋಷಣೆ, ನೀಲಿ ಬಾವುಟ! ಕನ್ನಡಿಯಲ್ಲಿ ನೋಡಿದೆ. ಇಡೀ ಊರು ಹಿಂದೆ ಬರುತ್ತಿತ್ತು, ಆದರೆ ಕಾರಿಗೂ ಊರಿಗೂ ನಡುವೆ ಒಂದು ಬಸ್ಸು ನಿಲ್ಲುವಷ್ಟು ರಸ್ತೆ ಖಾಲಿ ಇತ್ತು. ನಾನು ನಿಧಾನ ಮಾಡಿದರೆ ಅವರು ನಿಲ್ಲುತ್ತಿದ್ದರು. ನಾನು ಹೊರಟರೆ, ಎಣಿಸಿದಂತೆ ಇಪ್ಪತ್ತು ಹೆಜ್ಜೆ ಬಿಟ್ಟು ಹೊರಡುತ್ತಿದ್ದರು. ಒಂದು ಎತ್ತಿನ ಬಂಡಿಯವನೂ ಹಿಂದೆ ಬಂದು, ಓದಿ, ಎತ್ತುಗಳನ್ನು ಹಿಂದಕ್ಕೆ ಜಗ್ಗಿದ.

ಎರಡು ತಾಸು! ಆ ಜನಸಾಗರದಲ್ಲಿ, ಆ ಬಿಸಿಲಿನಲ್ಲಿ, ಎರಡು ತಾಸು ಓಡಿಸಿ ಊರ ನಡುವಿನ ವೃತ್ತದ ಮುಂದೆ ಕಾರು ನಿಲ್ಲಿಸಿದೆ. ಇಳಿದು ಸುತ್ತಲೂ ನೋಡಿದೆ. ಬಂಪರ್ ಹಾಗೇ ಇದೆ, ಬಾಗಿಲು ಹಾಗೇ ಇದೆ, ಎರಡೂ ನೀಲಿ ಹಾಗೇ ಇವೆ! ಎದೆ ಉಬ್ಬಿ ಬಂತು. ಬೆವರು ಒರೆಸಿಕೊಂಡು ಅತ್ತೆಯ ಮುಂದೆ, ಸುರೇಖಾಳ ಮುಂದೆ, ಭೀಮೇಶನ ಮುಂದೆ, ಊರಿನ ಮುಂದೆ ನಿಂತು ಕೇಳಿಯೇ ಬಿಟ್ಟೆ.

"ನೋಡ್ರಿ ಅತ್ತೀ! ಒಂದು ಗೀರು ಬಿದ್ದಿಲ್ಲ! ಇನ್ನಾದ್ರೂ ಆ ಸಾಲು ಅಳಸಬಹುದಲ್ಲ?"

ಅಯ್ಯಮ್ಮನವರು ಕಾರನ್ನು ಪ್ರೀತಿಯಿಂದ ಸವರಿದರು.

"ಬ್ಯಾಡ್ರಿ ಅಳಿಯಂದ್ರ. ಎಲ್ಲಾರೂ ಅದನ್ನ ಓದಿ ದೂರ ಉಳಿದಿದ್ದಕ್ಕ ಗೀರು ಬಿದ್ದಿಲ್ಲ."